ಅಂಕಿತವಿಲ್ಲದ ಸ್ವರಗಳು

ನಮ್ಮ ಹಿತ್ತಿಲ ನುಗ್ಗೆಮರದಲ್ಲಿ ಬೆಳಗಾಗುವುದಕ್ಕೆ ಮುಂಚೆಯೇ ಜಗಳ ಹೂಡುವ ಗೊರವಂಕಗಳಿಗೂ ಅಮೆರಿಕದ ಜಾಜ್ ಸಂಗೀತಕ್ಕೂ ನೆಂಟಸ್ತನವಿದೆಯೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಜಾಜ್ ಎಂದರೆ ನನ್ನ ಪಾಲಿಗೆ ದೊಡ್ಡ ಹೋಟೆಲುಗಳ ಗದ್ದಲ. ತಮತಮಗೆ ತೋಚಿದ್ದನ್ನು ಎಲ್ಲರೂ ಊದುತ್ತಾರೆ, ಡ್ರಮ್ ಬಾರಿಸುವವನು ಅವರನ್ನು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಾನೆ. ಇಷ್ಟೇ ನನ್ನ ತಿಳಿವಳಿಕೆ. ಒಂದು ಸಂಜೆ ಗೆಳೆಯರೊಬ್ಬರ ಮನೆಯಲ್ಲಿ ಹಳೆಯ ಧ್ವನಿಮುದ್ರಿಕೆಯೊಂದನ್ನು ಕೇಳಿದೆ. ಕ್ಲಾರಿನೆಟ್ಟೊಂದು ಹಕ್ಕಿಯಂತೆ ಒಂದೇ ಪುಟ್ಟ ಪಲುಕನ್ನು ಮತ್ತೆ ಮತ್ತೆ ಉಲಿಯುತ್ತಿತ್ತು. ಅದರ ಕೆಳಗೆ ಇಡೀ ಮೇಳ ಉಬ್ಬಿ ಇಳಿಯುತ್ತಿತ್ತು. ಹೆಸರೇನೆಂದು ಕೇಳಿದೆ. ‘ಬ್ಲೂಬರ್ಡ್ ಆಫ್ ಡೆಲ್ಲಿ’ ಎಂದರು. ದೆಹಲಿಯ ಮೈನಾ ಅದು. ನಮ್ಮ ಗೊರವಂಕದ ಕುಲದ್ದೇ. (ಗೊರವಂಕ ಯಾವಾಗ ನೀಲಿಯಾಯಿತು ಎಂದು ನೀವು ಕೇಳಬಹುದು. ನಾನೂ ಕೇಳಿದೆ, ಉತ್ತರ ಸಿಗಲಿಲ್ಲ.) ಬರೆದವರು ಯಾರು ಎಂದೆ. ‘ಡ್ಯೂಕ್ ಎಲಿಂಗ್ಟನ್’ ಎಂದ ಗೆಳೆಯರು, ಸ್ವಲ್ಪ ತಡೆದು, ‘ಹಾಗೆನ್ನುತ್ತಾರೆ’ ಎಂದು ಸೇರಿಸಿದರು. ಆ ಮಾತಿನ ಬೆನ್ನು ಹತ್ತಿದ್ದರ ಫಲ ಈ ಬರಹ.

ಮೊದಲು ಬರವಣಿಗೆಯ ಕಷ್ಟ ತಿಳಿಯಬೇಕು. ನಮ್ಮ ಸಂಗೀತದಲ್ಲಿ ಕಿವಿ ರಾಗದ ಒಂದೇ ಎಳೆಯ ಹಿಂದೆ ಹೋಗುತ್ತದೆ. ಅವರಲ್ಲಿ ಒಂದು ಸ್ವರದ ಮೇಲೆ ಇನ್ನೊಂದನ್ನು, ಅದರ ಮೇಲೆ ಮತ್ತೊಂದನ್ನು ಪೇರಿಸಿ ಒಟ್ಟಿಗೆ ನುಡಿಸುತ್ತಾರೆ. ದೊಡ್ಡ ಜಾಜ್ ಮೇಳವೆಂದರೆ ಸುಮಾರು ಹದಿನೈದು ಜನ. ಐದು ಸ್ಯಾಕ್ಸೊಫೋನು (ಕದ್ರಿ ಗೋಪಾಲನಾಥರ ದೆಸೆಯಿಂದ ಈ ವಾದ್ಯ ನಮಗೆ ಮನೆಯದೇ ಆಗಿದೆ), ಮೂರೋ ನಾಲ್ಕೋ ಟ್ರಂಪೆಟ್, ಮೂರು ಟ್ರೊಂಬೋನ್, ಲಯಕ್ಕೆ ಪಿಯಾನೊ, ಬಾಸ್, ಗಿಟಾರು, ಡ್ರಮ್. 1920ರ ದಶಕದಲ್ಲಿ ನ್ಯೂಯಾರ್ಕಿನ ಫ್ಲೆಚರ್ ಹೆಂಡರ್ಸನ್ ಮೇಳಕ್ಕೆ ಬರೆಯುತ್ತಿದ್ದ ಡಾನ್ ರೆಡ್‌ಮನ್ ಇದಕ್ಕೊಂದು ದಾರಿ ಹಾಕಿಕೊಟ್ಟ: ಸ್ಯಾಕ್ಸೊಫೋನಿನವರು ಒಂದು ಮಾತು ಕೇಳುವುದು, ತುತ್ತೂರಿಯ ಬಳಗ ಉತ್ತರ ಕೊಡುವುದು. ಭಜನೆಯಲ್ಲಿ ಒಬ್ಬ ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುವುದನ್ನು ಕೇಳಿದ ನಮಗೆ ಇದು ತೀರ ಹೊಸದಲ್ಲ. ನಡುನಡುವೆ ವಾದಕನ ಮನೋಧರ್ಮಕ್ಕೂ ಜಾಗ ಬಿಟ್ಟಿರುತ್ತಾರೆ. ಮಿಕ್ಕದ್ದೆಲ್ಲ ಮೊದಲೇ ಬರೆದಿಟ್ಟದ್ದು, ಒಬ್ಬೊಬ್ಬನಿಗೆ ಒಂದೊಂದು ಹಾಳೆಯಂತೆ. ಅದರಲ್ಲೂ ವಾದ್ಯಗಳ ಆಧಾರಶ್ರುತಿ ಬೇರೆ ಬೇರೆ. ಟ್ರಂಪೆಟ್ಟಿನವನ ಹಾಳೆಯಲ್ಲಿ ‘ಸಿ’ ಎಂದು ಬರೆದರೆ ಕೇಳುವುದು ‘ಬಿ ಫ್ಲ್ಯಾಟ್’. ಆಲ್ಟೊ ಸ್ಯಾಕ್ಸೊಫೋನಿನವನ ಹಾಳೆಯ ಅದೇ ‘ಸಿ’ ಹೊರಗೆ ಬರುವಾಗ ‘ಇ ಫ್ಲ್ಯಾಟ್’. ಒಂದು ಹಾಳೆಯಲ್ಲಿ ಕೈತಪ್ಪಿದರೆ ಸಭೆಯ ನಡುವೆ ಅಪಸ್ವರ.

ಎಲಿಂಗ್ಟನ್ ಈ ಲೆಕ್ಕಾಚಾರಕ್ಕೆ ಜೀವ ತುಂಬಿದ. 1899ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದ ಎಡ್ವರ್ಡ್ ಎಲಿಂಗ್ಟನ್ನನಿಗೆ ‘ಡ್ಯೂಕ್’ ಎಂಬುದು ಗೆಳೆಯರು ಕಟ್ಟಿದ ಅಡ್ಡಹೆಸರು. ಕನ್ನಡದಲ್ಲಿ ದೊರೆ ಎನ್ನೋಣ. ಅವನು ವಾದ್ಯಕ್ಕೆ ಬರೆಯಲಿಲ್ಲ, ಆಳಿಗೆ ಬರೆದ. ಹಾಳೆಯ ತಲೆಯ ಮೇಲೆ ‘ಟ್ರಂಪೆಟ್ 2’ ಎಂದಿರುವ ಬದಲು ನುಡಿಸುವವನ ಹೆಸರೇ ಇರುತ್ತಿತ್ತು. 1930ರ ‘ಮೂಡ್ ಇಂಡಿಗೊ’ ಎಂಬ ರಚನೆಯನ್ನು ನೋಡಿ. ಕ್ಲಾರಿನೆಟ್ ಮೇಲೆ, ಟ್ರಂಪೆಟ್ ನಡುವೆ, ಟ್ರೊಂಬೋನ್ ಕೆಳಗೆ, ಇದು ರೂಢಿ. ಅವನು ಕ್ಲಾರಿನೆಟ್ಟನ್ನು ಮಂದ್ರಕ್ಕೆ ಇಳಿಸಿದ, ಬಾಯಿಗೆ ಮುಚ್ಚಳ ಹಾಕಿದ ಟ್ರೊಂಬೋನನ್ನು ಅದರ ನೆಲೆ ಮೀರಿ ಮೇಲಕ್ಕೆ ಎತ್ತಿ ಟ್ರಂಪೆಟ್ಟಿನ ಪಕ್ಕದಲ್ಲಿ ಕೂರಿಸಿದ. ಮೂರು ವಾದ್ಯಗಳೂ ಸೇರಿ ಅಲ್ಲಿಲ್ಲದ ನಾಲ್ಕನೆಯದೊಂದು ವಾದ್ಯದ ದನಿಯಂತೆ ಕೇಳುತ್ತದೆ.

ಈ ದೊರೆಯ ಆಸ್ಥಾನಕ್ಕೆ 1938ರ ಡಿಸೆಂಬರಿನಲ್ಲಿ ಒಬ್ಬ ಹುಡುಗ ಬಂದ. ಬಿಲ್ಲಿ ಸ್ಟ್ರೇಹಾರ್ನ್, ವಯಸ್ಸು 23. ಪಿಟ್ಸ್‌ಬರ್ಗಿನ ಔಷಧದಂಗಡಿಯಲ್ಲಿ ದುಡಿದಿದ್ದವನು. ಸಣ್ಣ ಆಳು, ದಪ್ಪ ಕನ್ನಡಕ. ರಂಗದ ಹಿಂದಿನ ಕೋಣೆಯಲ್ಲಿ ಎಲಿಂಗ್ಟನ್ನನದೇ ಹಾಡೊಂದನ್ನು ಎಲಿಂಗ್ಟನ್ ನುಡಿಸುವಂತೆಯೇ ಪಿಯಾನೊದ ಮೇಲೆ ನುಡಿಸಿ ತೋರಿಸಿದ. ಅನಂತರ, ‘ನಾನಾಗಿದ್ದರೆ ಹೀಗೆ’ ಎಂಬಂತೆ ತನ್ನ ರೀತಿಯಲ್ಲಿ ನುಡಿಸಿದ. ಎಲಿಂಗ್ಟನ್ ಬೆರಗಾಗಿರಬೇಕು, ನ್ಯೂಯಾರ್ಕಿಗೆ ಬರಹೇಳಿದ. ಮುಂದಿನ ಸುಮಾರು ಮೂವತ್ತು ವರ್ಷ ಆ ಮೇಳ ನುಡಿಸಿದ್ದರಲ್ಲಿ ದೊಡ್ಡ ಪಾಲು ಈ ಹುಡುಗನ ಕೈಬರಹ.

ಹೊರಗಿನ ಜಗಳವೊಂದು ಅವನನ್ನು ಬೆಳಕಿಗೆ ತಂದಿತು. 1941ರ ಜನವರಿಯಲ್ಲಿ ಅಮೆರಿಕದ ರೇಡಿಯೋ ಜಾಲಗಳಿಗೂ ಸಂಗೀತ ರಚನಕಾರರ ಸಂಘಕ್ಕೂ ಸಂಭಾವನೆಯ ವಿಷಯದಲ್ಲಿ ಒಡಕು ಬಂದು, ಸಂಘದ ಸದಸ್ಯರ ರಚನೆಗಳು ಪ್ರಸಾರವಾಗದಂತಾಯಿತು. ಎಲಿಂಗ್ಟನ್ ಸದಸ್ಯ, ತನ್ನ ಮೇಳ ತನ್ನ ಕೃತಿಯನ್ನೇ ರೇಡಿಯೋದಲ್ಲಿ ನುಡಿಸುವಂತಿಲ್ಲ! ಸ್ಟ್ರೇಹಾರ್ನ್ ಸದಸ್ಯನಲ್ಲ, ಎಲಿಂಗ್ಟನ್ನನ ಮಗ ಮರ್ಸರನೂ ಅಲ್ಲ. ಹೊಸ ರಚನೆಗಳ ಭಾರವೆಲ್ಲ ಈ ಇಬ್ಬರ ಮೇಲೆ ಬಿತ್ತು. ಆಗ ಸ್ಟ್ರೇಹಾರ್ನ್ ಒಂದು ಹಾಳೆಯನ್ನು ಕಸದ ಬುಟ್ಟಿಗೆ ಎಸೆದಿದ್ದನಂತೆ, ಹೆಂಡರ್ಸನ್ನನ ಧಾಟಿ ಬಂದುಬಿಟ್ಟಿತೆಂದು. ಅದನ್ನು ಹೆಕ್ಕಿ ತೆಗೆದೆನೆಂದು ಮರ್ಸರ್ ಹೇಳುತ್ತಿದ್ದ. ಅದೇ ‘ಟೇಕ್ ದಿ ಎ ಟ್ರೇನ್’. ಹಾರ್ಲೆಮ್ಮಿಗೆ ಹೋಗುವ ಸುರಂಗ ರೈಲಿನ ಹಾಡು. 1941ರ ಫೆಬ್ರವರಿ 15ರಂದು ಮುದ್ರಣವಾಯಿತು. ಸ್ಯಾಕ್ಸೊಫೋನುಗಳೆಲ್ಲ ಒಂದೇ ದನಿಯಲ್ಲಿ ಪಲ್ಲವಿ ಹಿಡಿದರೆ ಟ್ರಂಪೆಟ್, ಟ್ರೊಂಬೋನುಗಳು ಚುಟುಕಾಗಿ ಉತ್ತರ ಕೊಡುತ್ತವೆ. ನಡುವೆ ಇಡೀ ಮೇಳ ಒಮ್ಮೆಲೇ ಶ್ರುತಿ ಬದಲಿಸಿ ಮೇಲೇರುತ್ತದೆ. ಮುಂದೆ ಎಲಿಂಗ್ಟನ್ ಮೇಳದ ಗುರುತೇ ಈ ಹಾಡಾಯಿತು. ದೊರೆಯ ಲಾಂಛನವನ್ನು ಕೊರೆದವನು ಬೇರೊಬ್ಬ.

ಆ ಹಾಡಿಗೆ ಸ್ಟ್ರೇಹಾರ್ನನ ಹೆಸರೇ ಇತ್ತು. ಎಲ್ಲಕ್ಕೂ ಇರಲಿಲ್ಲ. ಇದಕ್ಕಾಗಿ ನನಗೆ ಎಲಿಂಗ್ಟನ್ನನ ಮೇಲೆ ಸಿಟ್ಟು ಬರುತ್ತದೆ. ಒಂದು ಗಳಿಗೆಯಲ್ಲಿ ಇಳಿಯಲೂ ಇಳಿಯುತ್ತದೆ. ಸ್ಟ್ರೇಹಾರ್ನನ ಬಾಡಿಗೆ, ಬಟ್ಟೆಬರೆಯ ಖರ್ಚೆಲ್ಲ ಎಲಿಂಗ್ಟನ್ನನದು. ರಾತ್ರಿ ಬರೆದದ್ದನ್ನು ಮರುದಿನವೇ ನುಡಿಸಿ ಕೇಳಿಸಲು ಜಗತ್ತಿನ ಅತ್ಯುತ್ತಮ ಮೇಳವಿತ್ತು. ಅಲ್ಲದೆ ಅವನು ಸಲಿಂಗಪ್ರೇಮಿ, ಅದನ್ನು ಮುಚ್ಚಿಟ್ಟು ಬಾಳಿದವನಲ್ಲ. ಆ ಕಾಲದ ಅಮೆರಿಕದಲ್ಲಿ ಅಂಥವನಿಗೆ ಪರದೆಯ ಹಿಂದೆ ಸಿಗುತ್ತಿದ್ದ ನೆಮ್ಮದಿ ಮುಂದೆ ಸಿಗುತ್ತಿರಲಿಲ್ಲ. ಆದರೂ 1950ರ ದಶಕದ ಮೊದಲ ವರ್ಷಗಳಲ್ಲಿ ಅವನು ಬೇಸತ್ತು ದೂರ ಸರಿದಿದ್ದನೆಂಬುದನ್ನು ಮರೆಯುವಂತಿಲ್ಲ. ಮತ್ತೆ ಕೂಡಿದ ಮೇಲೆ ಷೇಕ್ಸ್‌ಪಿಯರನ ಪಾತ್ರಗಳನ್ನು ಕುರಿತು 1957ರಲ್ಲಿ ಮಾಡಿದ ‘ಸಚ್ ಸ್ವೀಟ್ ಥಂಡರ್’ ಮಾಲಿಕೆಗೆ ಇಬ್ಬರ ಹೆಸರೂ ಬಿತ್ತು.

ಗೊರವಂಕ ಬರುವುದು ಇಲ್ಲಿ. 1963ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ಮೇಳವನ್ನು ಪೂರ್ವದೇಶಗಳಿಗೆ ಕಳಿಸಿತು. ಡಮಾಸ್ಕಸ್ಸಿನಿಂದ ಹೊರಟು ದೆಹಲಿಗೆ ಬಂದಾಗ ಎಲಿಂಗ್ಟನ್ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ಪಿಯಾನೊದ ಮುಂದೆ ಸ್ಟ್ರೇಹಾರ್ನ್ ಕುಳಿತ. ಅವನ ಕೋಣೆಯಲ್ಲಿ ಒಂದು ಮೈನಾ ಹಾಡುತ್ತಿತ್ತಂತೆ. ದಿನವೂ ಮಾತಾಡಿಸಿದರೂ ಅದು ಮರುನುಡಿಯಲಿಲ್ಲ, ಹೊರಡುವ ದಿನ ಮಾತ್ರ ಒರಟಾಗಿ ಅಣಕಿಸಿತು ಎಂದು ಎಲಿಂಗ್ಟನ್ ಕಥೆ ಹೇಳುತ್ತಿದ್ದ. ನವೆಂಬರ್ 22ರಂದು ಕೆನೆಡಿಯ ಕೊಲೆಯಾಗಿ ಪ್ರವಾಸ ಅಂಕಾರಾದಲ್ಲಿ ನಿಂತಿತು. ಮೈನಾದ ಪಲುಕು ಜಿಮ್ಮಿ ಹ್ಯಾಮಿಲ್ಟನ್ನನ ಕ್ಲಾರಿನೆಟ್ಟಿಗೆ ಹೋಯಿತು. ತಾಜಮಹಲನ್ನು ಕುರಿತ ‘ಆಗ್ರಾ’ ಹ್ಯಾರಿ ಕಾರ್ನಿಯ ಬ್ಯಾರಿಟೋನ್ ಸ್ಯಾಕ್ಸೊಫೋನಿನ ಪಾಲಾಯಿತು. ಅಮೃತಶಿಲೆಗೆ ಅಷ್ಟು ತಗ್ಗಿನ, ಭಾರದ ದನಿಯನ್ನು ಆರಿಸಬೇಕೆಂದು ನಮಗಾರಿಗೂ ಹೊಳೆಯುತ್ತಿರಲಿಲ್ಲ. 1966ರ ಡಿಸೆಂಬರಿನಲ್ಲಿ ಇವೆಲ್ಲ ‘ಫಾರ್ ಈಸ್ಟ್ ಸೂಟ್’ ಎಂದು ಮುದ್ರಣವಾದವು. ಅದರಲ್ಲಿ ಜನ ಮೆಚ್ಚಿದ ‘ಇಸ್ಫಹಾನ್’ ಪ್ರವಾಸಕ್ಕೆ ಮೊದಲೇ ಬೇರೆ ಹೆಸರಿನಿಂದ ಸಿದ್ಧವಾಗಿದ್ದ ರಚನೆ! ಪ್ರವಾಸಕಥನ ಬರೆಯುವವರು ಹುಷಾರಾಗಿರಬೇಕು.

ಯಾರದು ಯಾವ ಸ್ವರವೆಂದು ತಮಗೇ ತಿಳಿಯದಷ್ಟು ಅವರಿಬ್ಬರೂ ಒಂದಾಗಿದ್ದರೆಂಬ ಮಾತು ಬಹುಕಾಲ ನಡೆಯಿತು. ಎಲಿಂಗ್ಟನ್ನನ ಕಾಗದಪತ್ರಗಳು 1988ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಬಂದವು. ಡಚ್ ವಿದ್ವಾಂಸ ವಾಲ್ಟರ್ ವಾನ್ ಡಿ ಲೂರ್ ಹಸ್ತಪ್ರತಿಗಳ ಮುಂದೆ ಕುಳಿತು, ಕೈಬರಹ ಬೇರ್ಪಡಿಸಿ, 2002ರಲ್ಲಿ ಪುಸ್ತಕ ಪ್ರಕಟಿಸಿದರು. ಇಬ್ಬರ ಕೈಯೂ ಬೇರೆ, ರೀತಿಯೂ ಬೇರೆ. ಕೂಡಿ ಬರೆದದ್ದಕ್ಕಿಂತ ತಮ್ಮ ತಮ್ಮ ಪಾಡಿಗೆ ಬರೆದದ್ದೇ ಹೆಚ್ಚು. ಗೊರವಂಕ ಸ್ಟ್ರೇಹಾರ್ನನದು. ಇದನ್ನು ಓದುವಾಗ ನನಗೆ ಕವಿರಾಜಮಾರ್ಗ ನೆನಪಾಗದಿರಲಿಲ್ಲ. ನೃಪತುಂಗನದೆಂದು ಎಷ್ಟು ಕಾಲ ನಂಬಿದೆವು! ಶ್ರೀವಿಜಯನಿಗೆ ಅವನ ಕೃತಿ ಮರಳಲು ನಮ್ಮ ಪಂಡಿತರು ಎಷ್ಟು ವರ್ಷ ವಾದ ಮಾಡಬೇಕಾಯಿತು!

ಸ್ಟ್ರೇಹಾರ್ನ್ 1967ರ ಮೇ 31ರಂದು ಕ್ಯಾನ್ಸರಿನಿಂದ ತೀರಿಕೊಂಡ. ಆಸ್ಪತ್ರೆಯಿಂದಲೂ ಹಾಳೆಗಳನ್ನು ಕಳಿಸುತ್ತಿದ್ದ. ಅದೇ ವರ್ಷ ಎಲಿಂಗ್ಟನ್ ಅವನ ರಚನೆಗಳನ್ನೇ ಆರಿಸಿ ಒಂದು ಧ್ವನಿಮುದ್ರಿಕೆ ಮಾಡಿದ. ಕೆಲಸ ಮುಗಿದು ವಾದ್ಯಗಾರರು ಹೊರಡುವ ತಯಾರಿಯಲ್ಲಿದ್ದಾಗ ಅವನೊಬ್ಬನೇ ಪಿಯಾನೊದ ಮುಂದೆ ಕುಳಿತು ಸ್ಟ್ರೇಹಾರ್ನನ ‘ಲೋಟಸ್ ಬ್ಲಾಸಮ್’ ನುಡಿಸತೊಡಗಿದ. ಯಂತ್ರ ಓಡುತ್ತಿತ್ತು. ಹಿಂದೆ ಜನ ಮಾತಾಡುವುದು, ವಾದ್ಯಗಳನ್ನು ಪೆಟ್ಟಿಗೆಗೆ ತುಂಬುವ ಸದ್ದು ಎಲ್ಲ ಆ ಮುದ್ರಣದಲ್ಲಿವೆ. ಬರಬರುತ್ತ ಆ ಮಾತು ಕಡಿಮೆಯಾಗುತ್ತದೆ.