ಹುಳಿ ಮತ್ತು ಏರು: ಕೊಡಗಿನ ಊಟ, ದುಡಿಮೆ, ಮೈತೂಕ

ಕಾಚಂಪುಳಿ ಕೊಡಗಿನ ಅಡುಗೆಮನೆಯ ಕಪ್ಪು ಹುಳಿ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಪಣಪುಳಿಯನ್ನು ಆಯ್ದು ಬಿದಿರ ಬುಟ್ಟಿಗೆ ತುಂಬಿ, ಬುಟ್ಟಿಯ ಅಡಿಗೊಂದು ಪಾತ್ರೆ ಇಡುತ್ತಾರೆ. ಹಣ್ಣು ಕೊಳೆಯುತ್ತ ಕರಗುತ್ತ ರಸ ತೊಟ್ಟಿಕ್ಕುತ್ತದೆ. ಕೆಲವು ದಿನಗಳಲ್ಲಿ ಸೇರಿದ ರಸವನ್ನು ಸೋಸಿ ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿದರೆ, ನೀರಿನಂತಿದ್ದದ್ದು ಮಂದವಾಗಿ ಕೀಲೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಬಾಟಲಿಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಪಂದಿಕರಿಯ ಪಾತ್ರೆಗೆ ಒಂದೆರಡು ಚಮಚ ಬಿದ್ದರೆ ಸಾಕು, ಹಂದಿಯ ಕೊಬ್ಬಿನ ಜಿಡ್ಡು ನಾಲಗೆಗೆ ಭಾರವೆನಿಸುವುದಿಲ್ಲ. ಈ ಹಣ್ಣಿನ ಮರಕ್ಕೆ ಶಿರಸಿ, ಸಿದ್ದಾಪುರದ ಕಡೆ ಉಪ್ಪಾಗೆ ಎಂದೂ ಕೇರಳದಲ್ಲಿ ಕುಡಂಪುಳಿ ಎಂದೂ ಹೆಸರು. ಸಸ್ಯಶಾಸ್ತ್ರದವರು ಈಗ ಗಾರ್ಸೀನಿಯಾ ಗಮ್ಮಿ-ಗುಟ್ಟ ಎನ್ನುತ್ತಾರೆ. ಅವರ ಹಳೆಯ ಹೆಸರು ಗಾರ್ಸೀನಿಯಾ ಕಾಂಬೋಜಿಯಾ. ಈ ಹಳೆಯ ಹೆಸರೇ ತೂಕ ಇಳಿಸುವ ಮಾತ್ರೆಗಳ ಡಬ್ಬಿಯ ಮೇಲೆ ಅಚ್ಚಾಗಿ ಜಗತ್ತೆಲ್ಲ ಸುತ್ತಿದೆ. ಹಂದಿಮಾಂಸ ರುಚಿಯಾಗಲೆಂದು ಹಾಕುತ್ತಿದ್ದ ಹುಳಿಗೆ ಕೊಬ್ಬು ಕರಗಿಸುವ ಮದ್ದೆಂಬ ಕೀರ್ತಿ ಹೇಗೆ ಬಂತೆಂಬುದು ತಿಳಿಯಬೇಕಾದರೆ, ಆ ಊಟವನ್ನು ಉಂಡವರು ಹಿಂದೆ ಏನು ಮಾಡಿ ಅರಗಿಸಿಕೊಳ್ಳುತ್ತಿದ್ದರು ಎಂಬಲ್ಲಿಂದ ತೊಡಗಬೇಕು.

ಕೊಡಗಿನ ಊಟದ ಬುಡ ಅಕ್ಕಿ. ಬೆಳಗ್ಗೆ ಒಟ್ಟಿ ಎಂಬ ಅಕ್ಕಿ ರೊಟ್ಟಿ, ಹಬ್ಬಕ್ಕೆ ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು, ಕೋಳಿಸಾರಿಗೆ ನೂಪುಟ್ಟೆಂಬ ಶ್ಯಾವಿಗೆ, ಎಲ್ಲ ಹೊತ್ತಿಗೂ ಅನ್ನ. ಅಕ್ಕಿ ಬೆಳೆಯುತ್ತಿದ್ದುದು ಎರಡು ಗುಡ್ಡಗಳ ನಡುವಿನ ತಗ್ಗಿನ ಗದ್ದೆಗಳಲ್ಲಿ. ಒಕ್ಕದ ಐನ್‌ಮನೆ, ಅಂದರೆ ಒಂದು ವಂಶದವರೆಲ್ಲರ ಮೂಲಮನೆ, ಸಾಮಾನ್ಯವಾಗಿ ಗದ್ದೆಯ ಅಂಚಿನ ಎತ್ತರದಲ್ಲಿ ನಿಲ್ಲುತ್ತಿತ್ತು. ಹಾಗಾಗಿ ಗದ್ದೆಗೆ ಹೋಗುವುದೆಂದರೆ ಇಳಿಯುವುದು, ಊಟಕ್ಕೆ ಬರುವುದೆಂದರೆ ಹತ್ತುವುದು. ಗೊಬ್ಬರದ ಬುಟ್ಟಿ ಇಳಿಯುತ್ತಿತ್ತು, ಭತ್ತದ ಹೊರೆ ಏರುತ್ತಿತ್ತು. ನೆಂಟರ ಮನೆ, ಸಂತೆ, ದೇವಸ್ಥಾನ ಎಲ್ಲವೂ ಗುಡ್ಡದಾಚೆ. ಜಿಲ್ಲೆಯಲ್ಲಿ ಇಂದಿಗೂ ರೈಲು ಓಡುವುದಿಲ್ಲ. ಮೋಟಾರು ಬರುವ ಮುಂಚೆ ಕಾಲುದಾರಿಯೇ ದಾರಿ. ವ್ಯಾಯಾಮವೆಂಬ ಬೇರೆ ಮಾತು ಅಲ್ಲಿ ಬೇಕಾಗಿರಲಿಲ್ಲ.

ದುಡಿಮೆಯ ತುತ್ತತುದಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳು. ಭಾಗಮಂಡಲದ ಸುತ್ತ ವರ್ಷದ ಮಳೆ 5,000 ಮಿಲಿಮೀಟರ್ ದಾಟುವುದುಂಟು. ಅದರ ದೊಡ್ಡ ಪಾಲು ಸುರಿಯುವುದು ಈ ದಿನಗಳಲ್ಲೇ. ಕಂಬಳಿ ಹೊದ್ದು, ಮೊಣಕಾಲುದ್ದ ಕೆಸರಿನಲ್ಲಿ ಬಾಗಿ, ಹೆಂಗಸರೂ ಗಂಡಸರೂ ನಾಟಿಗೆ ನಿಲ್ಲುತ್ತಿದ್ದರು. ಈ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ. ಕೋವಿ, ಒಡಿಕತ್ತಿಗಳೂ ದೇವರ ಕೋಣೆಯಾದ ಕನ್ನಿಕೊಂಬರೆಯೊಳಗೆ ಸುಮ್ಮನಿರುತ್ತಿದ್ದವು. ಊಟವೂ ತಿಂಗಳಿಗೆ ತಕ್ಕದ್ದೇ: ಗದ್ದೆಯ ಏಡಿ, ಕಾಡಿನ ಅಣಬೆ, ಬೈಂಬಳೆ ಎಂಬ ಎಳೆಬಿದಿರು, ನಾಟಿಕೋಳಿ, ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸಿಟ್ಟ ಮಾಂಸ. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಮದ್ದುಸೊಪ್ಪು ಬೇಯಿಸಿದ ಕಡುನೇರಳೆ ರಸದಲ್ಲಿ ಪಾಯಸವನ್ನೋ ಪುಟ್ಟನ್ನೋ ಮಾಡಿ ತಿನ್ನುತ್ತಾರೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆಂಬುದು ನಂಬಿಕೆ. ಮರುದಿನ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹತ್ತಿತೆಂದು ಲೆಕ್ಕ. ತೂಕ ಇಳಿಸುವ ಯೋಚನೆ ಇದರಲ್ಲೆಲ್ಲೂ ಇಲ್ಲ. ಮಳೆಯಲ್ಲಿ ನೆನೆದು ಸೊರಗುವ ಮೈಗೆ ಕಾವು ಕೊಡುವುದು ಹೇಗೆಂಬುದೇ ಆ ಕಾಲದ ಚಿಂತೆ.

ನಾಟಿ ಮುಗಿಯುವ ದಿನ ಒಂದು ಓಟ ನಡೆಯುತ್ತಿತ್ತು. ಮನೆಯ ಎಲ್ಲಕ್ಕಿಂತ ದೊಡ್ಡ ಗದ್ದೆಯಲ್ಲಿ ಉದ್ದಕ್ಕೂ ಒಂದು ಪಟ್ಟಿಯನ್ನು ಸಸಿ ಊರದೆ ಬಿಡುತ್ತಿದ್ದರು. ಅದೇ ಓಟದ ಹಾದಿ. ಮಡಿಕೇರಿಯಲ್ಲಿ ಶಾಲೆ ನಡೆಸುತ್ತಿದ್ದ ಪಾದ್ರಿ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಈ ಓಟದ ವಿವರವಿದೆ. ಮೊದಲು ಬಂದವನಿಗೆ ಬಟ್ಟೆ, ಆಮೇಲಿನವರಿಗೆ ಬಾಳೆಗೊನೆಯಂಥವು ಬಹುಮಾನ. ವಾರಗಟ್ಟಲೆ ಬೆನ್ನು ಬಾಗಿಸಿ ದುಡಿದವರು ಕಡೆಯ ದಿನ ಕೆಸರಿನಲ್ಲಿ ಓಡುತ್ತಾರೆಂದರೆ ಆ ಮೈಗಳ ಕಸುವನ್ನು ಊಹಿಸಬಹುದು.

ಆದರೆ ಈ ಚಿತ್ರವನ್ನು ಹಾಡಿ ಹೊಗಳುವ ಮೊದಲು ಒಂದು ಮಾತು ಸೇರಿಸಬೇಕು. ಬೆವರೂ ಅನ್ನವೂ ಎಲ್ಲರಿಗೂ ಒಂದೇ ಅಳತೆಯಲ್ಲಿ ಬಂದಿರಲಿಲ್ಲ. ವಂಶಪಾರಂಪರ್ಯವಾದ ಜಮ್ಮಾ ಹಿಡುವಳಿಯ ಮನೆಗಳಲ್ಲಿ ಒಕ್ಕದವರೂ ದುಡಿದರು, ನಿಜ. ಆದರೆ ಹೊರೆಯ ಭಾರವಾದ ತುದಿ ಜೀತಕ್ಕಿದ್ದ ಯರವರ, ಹೊಲೆಯರ ಹೆಗಲ ಮೇಲಿತ್ತು. ಕಾನೂನು ಗುಲಾಮಗಿರಿಯನ್ನು 1843ರಲ್ಲೇ ತಳ್ಳಿಹಾಕಿದರೂ ಜೀತ ಬಹುಕಾಲ ಉಳಿಯಿತು. ಅವರ ಮೈ ಬಡಕಲಾಗಿದ್ದದ್ದಕ್ಕೆ ಕಾರಣ ಏರು ಹತ್ತಿದ್ದಷ್ಟೇ ಅಲ್ಲ, ಹೊಟ್ಟೆ ತುಂಬದಿದ್ದದ್ದು. ಹಿಂದಿನವರು ಸಪೂರವಾಗಿದ್ದರು ಎಂಬ ಹೆಮ್ಮೆಯ ಮಾತಿನಲ್ಲಿ ಹಸಿವಿನ ಪಾಲೂ ಇದೆ.

ಬೇಟೆಯೂ ಊಟಕ್ಕೆ ನಡಿಗೆ ಕೂಡಿಸಿದ ಇನ್ನೊಂದು ದಾರಿ. ನಾಟಿ ಮುಗಿದು ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬಕ್ಕೆ ಆಯುಧಗಳು ಹೊರಬರುತ್ತವೆ. ಹಿಂದೆ ಅದರ ಬೆನ್ನಿಗೇ ಬೇಟೆ. ದಿನವಿಡೀ ಕಾಡು ಸೋಸಿ ಹೊಡೆದ ಹಂದಿಯಲ್ಲಿ ಗುಂಡು ಹಾರಿಸಿದವನಿಗೆ ಹೆಚ್ಚಿನ ಪಾಲು, ಉಳಿದವರಿಗೆ ಸಮಪಾಲು, ನಾಯಿಗಳಿಗೂ ಪಾಲು. ಕಾಡುಹಂದಿಯ ಮಾಂಸದಲ್ಲಿ ಎಳೆ ಹೆಚ್ಚು, ಕೊಬ್ಬು ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಅಡ್ಡ ನಿಂತಿತು. ಪಂದಿಕರಿ ನಿಲ್ಲಲಿಲ್ಲ, ಹಂದಿ ಬದಲಾಯಿತು. ಗೂಡಿನಲ್ಲಿ ಕೂಡಿಹಾಕಿ ಕೊಬ್ಬಿಸಿದ ಹಂದಿ ವಾರದ ಸಂತೆಯಲ್ಲೂ ಅಂಗಡಿಯಲ್ಲೂ ಸಿಗತೊಡಗಿ, ಬೇಟೆ ಆದಾಗ ಇಲ್ಲವೇ ಹಬ್ಬ ಬಂದಾಗ ಆಗುತ್ತಿದ್ದ ಅಡುಗೆ ಭಾನುವಾರದ ಅಡುಗೆಯಾಯಿತು. ಹೆಸರು ಅದೇ, ಹುಳಿ ಅದೇ, ತಟ್ಟೆಯೊಳಗಿನ ಕೊಬ್ಬು ಬೇರೆ. ಕೊಡಗಿನ ಊಟ ಬದಲಾಗಿಲ್ಲ ಎನ್ನುವವರು ಈ ಸಣ್ಣ ವಿಷಯವನ್ನು ಬಿಟ್ಟು ಮಾತಾಡುತ್ತಾರೆ.

ನಾಲಗೆಗೆ ಕಡಿವಾಣ ಹಾಕುವ ರೂಢಿಯೂ ಇಲ್ಲದಿರಲಿಲ್ಲ. ಊರ ದೇವರ ಹಬ್ಬಕ್ಕೆ ಮುಂಚೆ ‘ಕಟ್ಟು’ ಬೀಳುತ್ತದೆ. ಕಟ್ಟು ಬಿದ್ದ ದಿನದಿಂದ ಊರೊಳಗೆ ಪ್ರಾಣಿ ಕೊಲ್ಲುವಂತಿಲ್ಲ, ಮಾಂಸ ಬೇಯಿಸುವಂತಿಲ್ಲ, ಹಸಿಮರ ಕಡಿಯುವಂತಿಲ್ಲ. ಹಬ್ಬ ಮುಗಿದು ಕಟ್ಟು ಸಡಿಲವಾದೊಡನೆ ಎಲ್ಲ ಮನೆಯ ಒಲೆಯ ಮೇಲೂ ಮಾಂಸ. ಅದು ಮಡಿಯ ನೇಮ, ಆರೋಗ್ಯದ ನೇಮವಲ್ಲ. ಆದರೂ ಇಡೀ ಊರು ಒಟ್ಟಿಗೆ ಪಾಲಿಸುವ ಪಥ್ಯವಾದ್ದರಿಂದ ಮುರಿಯುವವರು ಕಡಿಮೆ. ಇಂದಿನ ಪಥ್ಯಗಳು ಒಬ್ಬೊಬ್ಬರ ಸಂಕಲ್ಪದ ಮೇಲೆ ನಿಂತಿರುವುದರಿಂದಲೇ ಮೂರನೆಯ ವಾರಕ್ಕೆ ಕುಸಿಯುತ್ತವೆ.

1834ರಲ್ಲಿ ಕೊಡಗು ಬ್ರಿಟಿಷರ ಕೈ ಸೇರಿತು. 1854ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ಎದ್ದಿತು. ಮುಂದಿನ ನೂರೈವತ್ತು ವರ್ಷಗಳಲ್ಲಿ ಕಾಫಿ ಗುಡ್ಡದ ಇಳಿಜಾರನ್ನೆಲ್ಲ ಹಿಡಿದುಕೊಂಡಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈಗ ಈ ಪುಟ್ಟ ಜಿಲ್ಲೆಯದು. ಭತ್ತಕ್ಕೆ ಮನೆಮಂದಿಯೆಲ್ಲ ಗದ್ದೆಗಿಳಿಯಬೇಕಿತ್ತು. ಕಾಫಿಗೆ ಹಾಗಲ್ಲ: ಚಿಗುರು ತೆಗೆಯುವುದು, ಕಪಾತು, ಕೊಯ್ಲು ಎಲ್ಲಕ್ಕೂ ಕೂಲಿಯಾಳು. ಮೊದಲು ಮೈಸೂರು ಸೀಮೆಯಿಂದ, ಮಲಬಾರಿನಿಂದ, ತಮಿಳುನಾಡಿನಿಂದ ಬಂದರು. ಈಗ ಅಸ್ಸಾಮಿನಿಂದಲೂ ಬರುತ್ತಾರೆ. ತೋಟದ ಯಜಮಾನನ ಕೆಲಸ ಮೇಲ್ವಿಚಾರಣೆ, ಅದೂ ಜೀಪಿನಲ್ಲಿ. ಆಳಿನ ಕೊರತೆ, ಕೂಲಿಯ ದರ, ಆನೆಯ ಕಾಟ ಸೇರಿ ಬಹಳ ಗದ್ದೆಗಳು ಪಾಳು ಬಿದ್ದವು. ಕೆಲವು ಶುಂಠಿಗೆ, ಕೆಲವು ಮನೆ ನಿವೇಶನಕ್ಕೆ ಹೋದವು. ಅಕ್ಕಿ ಅಂಗಡಿಯಿಂದ ಬಂತು. ಗದ್ದೆಗಿಳಿಯುವ ಕಾರಣ ಇಲ್ಲದಾಯಿತು, ಕಡಂಬುಟ್ಟಿನ ಗಾತ್ರ ಮಾತ್ರ ಹಾಗೇ ಉಳಿಯಿತು.

ದುಡಿಮೆ ಇಳಿದರೆ ಹಸಿವೂ ತಾನಾಗಿ ಇಳಿಯಬೇಕಲ್ಲವೇ ಎಂಬ ಪ್ರಶ್ನೆಗೆ ಕೊಡಗಿನಿಂದ ದೂರದ ಬಂಗಾಳದಲ್ಲಿ ಉತ್ತರ ಸಿಕ್ಕಿದೆ. ಪೋಷಣಾ ವಿಜ್ಞಾನಿ ಜೀನ್ ಮೇಯರ್ ಮತ್ತು ಸಂಗಡಿಗರು ಅಲ್ಲಿನ ಸೆಣಬಿನ ಗಿರಣಿಯವರ ಊಟ, ಕೆಲಸ, ತೂಕಗಳನ್ನು ಅಳೆದು 1956ರಲ್ಲಿ ಪ್ರಕಟಿಸಿದರು. ಕೆಲಸ ಹೆಚ್ಚಿದಂತೆ ಊಟವೂ ಹೆಚ್ಚುತ್ತಿತ್ತು, ಸರಿ. ಆದರೆ ದಿನವಿಡೀ ಕೂತಿರುತ್ತಿದ್ದ ಅಂಗಡಿಯವರೂ ಗುಮಾಸ್ತರೂ ಕಡಿಮೆ ಉಣ್ಣುತ್ತಿರಲಿಲ್ಲ. ಮೈಮುರಿದು ದುಡಿಯುವವರಷ್ಟೇ ಉಂಡು ಅವರಿಗಿಂತ ಹೆಚ್ಚು ತೂಗುತ್ತಿದ್ದರು. ಕೆಲಸ ಒಂದು ಮಟ್ಟಕ್ಕಿಂತ ಇಳಿದರೆ ಹಸಿವು ಅದರ ಜೊತೆ ಇಳಿಯುವುದಿಲ್ಲ. ಗದ್ದೆ ಬಿಟ್ಟು ಜೀಪು ಹತ್ತಿದ ಮನೆಗಳ ಕಥೆಯೂ ಇದೇ.

ಕಾಚಂಪುಳಿಯ ಎರಡನೆಯ ಜನ್ಮ ಆರಂಭವಾದದ್ದು ಮೈಸೂರಿನಲ್ಲಿ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್, ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿದರು. ಅಲ್ಲಿಯವರೆಗೆ ಅದನ್ನು ಬೇರೆ ಹುಳಿಗಳ ಲೆಕ್ಕಕ್ಕೆ ಸೇರಿಸಲಾಗಿತ್ತು. ದೇಹ ತನಗೆ ಮಿಕ್ಕ ಸಕ್ಕರೆಯನ್ನು ಕೊಬ್ಬಾಗಿಸುವ ದಾರಿಯಲ್ಲಿ ಒಂದು ಕಿಣ್ವವಿದೆ. ಈ ಆಮ್ಲ ಆ ಕಿಣ್ವವನ್ನು ತಡೆಯುತ್ತದೆಂದು 1969ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಇಲಿಗಳಿಗೆ ತಿನ್ನಿಸಿದಾಗ ಅವು ಕಡಿಮೆ ತಿಂದವು, ತೂಕವೂ ಕಡಿಮೆ ಏರಿತು. ವ್ಯಾಪಾರಿಗಳಿಗೆ ಅಷ್ಟು ಸಾಕಾಯಿತು. 1990ರ ದಶಕದಲ್ಲಿ ಬೇಡಿಕೆ ಏರಿದಾಗ ಪಶ್ಚಿಮಘಟ್ಟದ ಕಾಡುಗಳಲ್ಲಿ ಉಪ್ಪಾಗೆಗೆ ಚಿನ್ನದ ಬೆಲೆ. ಶಿರಸಿಯ ಸುತ್ತ ಹಣ್ಣಾಗುವ ಮೊದಲೇ ಕಾಯಿ ಕೀಳುವ, ಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ಸೌದೆ ಸುಡುವ ಪೈಪೋಟಿ ನಡೆಯಿತು. ಅದೇ ಹಣ್ಣಿನ ಬೀಜದಿಂದ ಮಲೆನಾಡಿನವರು ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಬ್ಬು ಕರಗಿಸಲೆಂದು ಸಿಪ್ಪೆ ಹಡಗು ಹತ್ತಿತು. ಕೊಬ್ಬು ತುಂಬಿದ ಬೀಜ ಊರಲ್ಲೇ ಉಳಿಯಿತು.

ಮಾತ್ರೆಯ ಪರೀಕ್ಷೆ ನಡೆದು 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತೂಕ ಹೆಚ್ಚಿದ್ದ 135 ಜನರಿಗೆ 12 ವಾರ ಒಂದೇ ಬಗೆಯ ಮಿತಾಹಾರ. ಅವರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 1,500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಏನೂ ಇಲ್ಲದ ಹುಸಿಮಾತ್ರೆ. ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದರು, ಹುಸಿಮಾತ್ರೆಯವರು 4.1 ಕಿಲೋ. ಎರಡರ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ತೂಕ ಇಳಿಸಿದ್ದು ಮಾತ್ರೆಯಲ್ಲ, ಎರಡೂ ಗುಂಪಿನವರು ಉಂಡ ಕಡಿಮೆ ಊಟ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ತೂಕ ಇಳಿಸುವ ಒಂದು ಸಿದ್ಧ ಮಿಶ್ರಣವನ್ನು ಬಳಸಬೇಡಿರೆಂದು ಎಚ್ಚರಿಸಿದರು; ತಿಂದವರಲ್ಲಿ ಯಕೃತ್ತು ಕೆಟ್ಟ ವರದಿಗಳಿದ್ದವು. ಅದರ ಹಲವು ಪದಾರ್ಥಗಳಲ್ಲಿ ಗಾರ್ಸೀನಿಯಾವೂ ಒಂದು. ಅಡುಗೆಗೆ ಬೀಳುವ ಎರಡು ಚಮಚ ಹುಳಿಗೂ ತಿಂಗಳುಗಟ್ಟಲೆ ನುಂಗುವ ಸಾರಕ್ಕೂ ಇರುವ ಅಂತರವನ್ನು ಡಬ್ಬಿಯ ಮೇಲಿನ ಜಾಹೀರಾತು ಹೇಳುವುದಿಲ್ಲ.

ಉಳಿದದ್ದು ಸಾದಾ ಲೆಕ್ಕ. ಸುಮಾರು 30 ಗ್ರಾಂ ತರಿಯ ಒಂದು ಕಡಂಬುಟ್ಟಿನಲ್ಲಿ ಹೆಚ್ಚುಕಡಿಮೆ 100 ಕ್ಯಾಲೊರಿ. 60 ಕಿಲೋ ತೂಗುವವರು ಸಮನೆಲದಲ್ಲಿ ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕ್ಯಾಲೊರಿ ಖರ್ಚು. ಭಾಗಮಂಡಲದಿಂದ ತಲಕಾವೇರಿಗೆ ಸುಮಾರು ಎಂಟು ಕಿಲೋಮೀಟರ್. ತುಲಾ ಸಂಕ್ರಮಣದ ಕಾವೇರಿ ತೀರ್ಥೋದ್ಭವಕ್ಕೆ ಹಿಂದೆ ಎಲ್ಲರೂ ನಡೆದೇ ಹತ್ತುತ್ತಿದ್ದ ಏರು. ಏರಿನ ಶ್ರಮವನ್ನು ಬಿಟ್ಟು ಲೆಕ್ಕ ಹಾಕಿದರೂ ಆ ನಡಿಗೆ ನಾಲ್ಕು ಕಡಂಬುಟ್ಟಿಗೆ ಸಮ. ಪಂದಿಕರಿಯ ಲೆಕ್ಕ ಇನ್ನೂ ಹಿಡಿದಿಲ್ಲ. ಕೊಬ್ಬಿನ ಒಂದೊಂದು ಗ್ರಾಮಿಗೂ 9 ಕ್ಯಾಲೊರಿ. ಅಂದರೆ ನಾಲ್ಕು ಕಡಂಬುಟ್ಟನ್ನು ಎರಡಕ್ಕೆ ಇಳಿಸುವುದು ನಾಲ್ಕು ಕಿಲೋಮೀಟರ್ ನಡೆಯುವುದಕ್ಕಿಂತ ಹಗುರ. ತೂಕ ಇಳಿಸುವ ಮೊದಲ ತಿಂಗಳುಗಳಲ್ಲಿ ಊಟದ ಬದಲಾವಣೆ ನಡಿಗೆಗಿಂತ ಹೆಚ್ಚು ಫಲ ಕೊಡುವುದು ಇದರಿಂದಲೇ. ಇಳಿದದ್ದು ಮತ್ತೆ ಏರದಂತೆ ಹಿಡಿದಿಡುವಲ್ಲಿ ಮಾತ್ರ ಮೈಯ ದುಡಿಮೆಯ ಕೈ ಮೇಲು. ಬರೀ ಊಟ ಕಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಸವೆಯುತ್ತದೆ. ದಿನದಿನದ ಶ್ರಮ ಅದನ್ನು ಉಳಿಸುತ್ತದೆ. ಆ ಶ್ರಮವೂ ಮೆಲ್ಲಗೆ ಏರಬೇಕು. ಗದ್ದೆಯ ಕೆಲಸಕ್ಕೆ ಆ ಹದ ತಾನಾಗಿ ಇತ್ತು: ಮೊದಲು ಬದು ಕಡಿಯುವುದು, ಆಮೇಲೆ ಉಳುಮೆ, ಆಮೇಲೆ ನಾಟಿ, ಎಲ್ಲ ಮುಗಿದ ಮೇಲೆ ಓಟ. ವರ್ಷವಿಡೀ ಕೂತಿದ್ದವರು ಒಮ್ಮೆಗೇ ಓಟಕ್ಕಿಳಿದರೆ ಮೊದಲು ಸೋಲುವುದು ಮೊಣಕಾಲು.

ಗದ್ದೆ ಬಿಟ್ಟ ಮೈಗಳಿಗೆ ಕೊಡಗು ಬೇರೆ ಅಂಗಳಗಳನ್ನು ಹುಡುಕಿಕೊಂಡಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಮೊದಲ ವರ್ಷ ಬಂದದ್ದು 60 ಒಕ್ಕಗಳು. ಈಚಿನ ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು. ಒಂದೇ ತಂಡದಲ್ಲಿ ಶಾಲೆಯ ಹುಡುಗರೂ ಅಜ್ಜಂದಿರೂ ಹೆಂಗಸರೂ ಆಡುವುದು ಅಲ್ಲಿನ ರೂಢಿ. ಮಳೆಗಾಲದಲ್ಲಿ ಊರೂರಿನ ಸಂಘಗಳು ಕೆಸರುಗದ್ದೆ ಕ್ರೀಡಾಕೂಟ ನಡೆಸುತ್ತವೆ. ಉತ್ತು ನೀರು ಕಟ್ಟಿದ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ, ವಾಲಿಬಾಲ್. ಧ್ವನಿವರ್ಧಕ, ದಡದಲ್ಲಿ ಸಾಲು ಜೀಪು. ಹಿಂದೆ ನಾಟಿ ಮಾಡಿದ ಗದ್ದೆಯಲ್ಲಿ ಓಟಕ್ಕೆಂದು ಒಂದು ಪಟ್ಟಿ ಬಿಡುತ್ತಿದ್ದರು. ಈಗ ಇಡೀ ಗದ್ದೆಯೇ ಓಟಕ್ಕೆ. ನಾಟಿ ಆಗುವುದಿದ್ದರೆ ಆಮೇಲೆ.