ವಾಯುಸಂಚಾರ ನಿಯಂತ್ರಣದಲ್ಲಿ ಸಂವಹನ ದೋಷ

ವಾಯುಸಂಚಾರ ನಿಯಂತ್ರಕರು ಕೊಟ್ಟ ಸೂಚನೆ ಪೈಲಟ್‌ಗೆ ತಲಪದಿರುವುದು, ಬೇರೆ ಅರ್ಥದಲ್ಲಿ ತಲಪುವುದು ಅಥವಾ ನಿಯಂತ್ರಕರ ನಡುವೆಯೇ ಮಾಹಿತಿ ತಪ್ಪಿಹೋಗುವುದು ಈ ದೋಷದ ವ್ಯಾಪ್ತಿಗೆ ಬರುತ್ತದೆ. ವಿಮಾನಗಳು ಬಳಸುವ ವಿಎಚ್‌ಎಫ್ ರೇಡಿಯೊದ ಒಂದೇ ಆವರ್ತನದಲ್ಲಿ ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಕೇಳುವವರಿಗೆ ಕೀರಲು ಸದ್ದಷ್ಟೇ ಉಳಿಯುತ್ತದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಹೀಗೆಯೇ ನಿರ್ಣಾಯಕ ಮಾತುಗಳು ಅಳಿಸಿಹೋಗಿ, ಅನುಮತಿ ಸಿಗುವ ಮೊದಲೇ ಓಡತೊಡಗಿದ ಕೆಎಲ್ಎಂ ವಿಮಾನವು ರನ್‌ವೇ ಮೇಲಿದ್ದ ಪ್ಯಾನ್ ಆಮ್ ವಿಮಾನಕ್ಕೆ ಅಪ್ಪಳಿಸಿ 583 ಮಂದಿ ಸತ್ತರು. ಭಾರತದಲ್ಲಿ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಕಸ್ತಾನದ ವಿಮಾನವು ಇನ್ನೂ ಕೆಳಗಿಳಿದು ಸೌದಿ ವಿಮಾನಕ್ಕೆ ಡಿಕ್ಕಿ ಹೊಡೆದು 349 ಮಂದಿ ಮಡಿದರು. ಸಿಬ್ಬಂದಿಯ ಇಂಗ್ಲಿಷ್ ಭಾಷೆಯ ಕೊರತೆಯೂ ಆಗ ಚರ್ಚೆಗೆ ಬಂತು.

ಕರ್ನಾಟಕದ ಪ್ರಮುಖ ಪ್ರಕರಣ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಸೇರಿದ್ದು. 2019ರ ಡಿಸೆಂಬರ್‌ನಲ್ಲಿ ಎರಡನೆಯ ರನ್‌ವೇ ಬಳಕೆಗೆ ಬಂದ ಮೇಲೆ ಅಲ್ಲಿ ಉತ್ತರ, ದಕ್ಷಿಣ ಎಂಬ ಎರಡು ಸಮಾಂತರ ರನ್‌ವೇಗಳಿದ್ದು, ಒಂದೊಂದನ್ನೂ ಬೇರೆ ಬೇರೆ ನಿಯಂತ್ರಕರು ನೋಡಿಕೊಳ್ಳುತ್ತಿದ್ದರು. 2022ರ ಜನವರಿಯ ಒಂದು ಬೆಳಿಗ್ಗೆ ಉತ್ತರ ರನ್‌ವೇಯನ್ನು ನಿರ್ಗಮನಕ್ಕೂ ದಕ್ಷಿಣದ್ದನ್ನು ಆಗಮನಕ್ಕೂ ಬಳಸಲಾಗುತ್ತಿತ್ತು. ಆಮೇಲೆ ಉತ್ತರ ರನ್‌ವೇ ಒಂದನ್ನೇ ಬಳಸಲು ಪಾಳಿಯ ಉಸ್ತುವಾರಿ ತೀರ್ಮಾನಿಸಿದರೂ ಆ ತೀರ್ಮಾನ ದಕ್ಷಿಣದ ನಿಯಂತ್ರಕರಿಗೆ ತಿಳಿಯಲಿಲ್ಲ. ಇದರಿಂದ ಕೋಲ್ಕತ್ತ ಮತ್ತು ಭುವನೇಶ್ವರಕ್ಕೆ ಹೊರಟಿದ್ದ ಇಂಡಿಗೊದ ಎರಡು ವಿಮಾನಗಳಿಗೆ ಇಬ್ಬರು ನಿಯಂತ್ರಕರು ಪರಸ್ಪರ ಸಮನ್ವಯವಿಲ್ಲದೆ ಏಕಕಾಲಕ್ಕೆ ಅನುಮತಿ ಕೊಟ್ಟರು. ಒಟ್ಟು 426 ಜನರನ್ನು ಹೊತ್ತ ಅವು ಮೇಲೇರುತ್ತ ಒಂದರ ದಾರಿಗೆ ಇನ್ನೊಂದು ಸಮೀಪಿಸತೊಡಗಿದಾಗ ರೇಡಾರ್ ನಿಯಂತ್ರಕರು ಗಮನಿಸಿ, ಬೇರೆ ಬೇರೆ ದಿಕ್ಕಿಗೆ ತಿರುಗುವಂತೆ ಸೂಚಿಸಿ ಡಿಕ್ಕಿಯನ್ನು ತಪ್ಪಿಸಿದರು.

ಪೈಲಟ್ ತಾನು ಕೇಳಿದ್ದನ್ನು ಮರಳಿ ಹೇಳಿ ನಿಯಂತ್ರಕರಿಂದ ಖಚಿತಪಡಿಸಿಕೊಳ್ಳುವ ಪದ್ಧತಿಗೆ ರೀಡ್‌ಬ್ಯಾಕ್ ಎನ್ನುತ್ತಾರೆ. ರೇಡಿಯೊ ತಪ್ಪುಗಳಿಗೆ ಇದೇ ಮುಖ್ಯ ತಡೆಯಾದರೂ ಕೇಳಿಸಿಕೊಳ್ಳುವಲ್ಲಿ ಆದ ತಪ್ಪನ್ನಷ್ಟೇ ಅದು ಹಿಡಿಯಬಲ್ಲದು; ಸೂಚನೆಯೇ ತಪ್ಪಾಗಿದ್ದರೆ ಸರಿಯಾದ ಮರುನುಡಿಯೂ ಆ ತಪ್ಪನ್ನೇ ದೃಢಪಡಿಸುತ್ತದೆ. ಬೆಂಗಳೂರಿನ ದೋಷ ಈ ಎರಡನೆಯ ಬಗೆಯದು. ಪಾಳಿಯೊಳಗಿನ ಮಾಹಿತಿ ವಿನಿಮಯಕ್ಕೂ ರೇಡಿಯೊ ಶಿಸ್ತಿನಷ್ಟೇ ಕಟ್ಟುನಿಟ್ಟಾದ ವಿಧಿ ಬೇಕೆಂಬುದನ್ನು ಈ ಪ್ರಕರಣ ಸ್ಪಷ್ಟವಾಗಿ ತೋರಿಸಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಇದರ ತನಿಖೆಗೆ ಆದೇಶಿಸಿತು.