ಐಂಡ್‌ಹೋವನ್ ಡೈರಿ – 17: ಬ್ಯಾಡ್ಜ್ ಸುಳ್ಳು ಹೇಳಿದರೆ?

ಊರಲ್ಲಿ ಕ್ಯಾಥ್ ಲ್ಯಾಬ್ ಡ್ಯೂಟಿ ಮಾಡುತ್ತಿದ್ದಾಗ ನನ್ನ ಟಿಎಲ್‌ಡಿ ಬ್ಯಾಡ್ಜನ್ನು ಎಕ್ಸ್‌ರೇ ಟೇಬಲ್ ಪಕ್ಕದ ಟ್ರಾಲಿಯಲ್ಲಿ ಒಂದು ವಾರ ಮರೆತಿದ್ದೆ. ಮೂರು ತಿಂಗಳ ರಿಪೋರ್ಟ್ ಬಂದಾಗ ಅಂಕಿ ನೋಡಿ ಎದೆ ಧಸಕ್ಕೆಂದಿತು. ವಿಕಿರಣ ಬಿದ್ದದ್ದು ಬ್ಯಾಡ್ಜಿಗೋ ನನಗೋ? ಆಗಷ್ಟೇ ಮದುವೆಯಾಗಿತ್ತು. ಅಮ್ಮನಿಗೆ ಹೇಳಲಿಲ್ಲ.

ಎಕ್ಸ್‌ರೇಯ ಮೊದಲ ದಿನಗಳಲ್ಲಿ ಇದಕ್ಕೆ ಚರ್ಮವೇ ಸಾಕ್ಷಿ. ಎಷ್ಟು ಬಿದ್ದರೆ ಚರ್ಮ ಕೆಂಪಾಗುತ್ತದೋ ಅದೇ ಅಳತೆ! ಟ್ಯೂಬ್‌ಗೆ ಸರಿಯಾದ ಮರೆಯೂ ಇರಲಿಲ್ಲ. ನಾನೀಗಿರುವ ಈ ಊರಿನ ಫಿಲಿಪ್ಸ್ ಬಲ್ಬ್ ಕಂಪನಿ, ಮೊದಲ ಮಹಾಯುದ್ಧದಲ್ಲಿ ಜರ್ಮನ್ ಟ್ಯೂಬ್‌ಗಳು ಬರುವುದು ನಿಂತಾಗ ಆಸ್ಪತ್ರೆಗಳ ಕೆಟ್ಟ ಟ್ಯೂಬ್ ರಿಪೇರಿಗೆ ಇಳಿಯಿತು. 1920ರ ದಶಕದಲ್ಲಿ ಇಲ್ಲಿನ ಆಲ್ಬರ್ಟ್ ಬೌವರ್ಸ್ 'ಮೆಟಾಲಿಕ್ಸ್' ಮಾಡಿದರು. ಕಿರಣ ಬೇಕಾದ ಕಿಂಡಿಯಿಂದ ಮಾತ್ರ ಹೊರಬರುವಂತೆ ಟ್ಯೂಬ್‌ಗೇ ಕವಚ. ನಮ್ಮಂಥವರ ಕೈ ಉಳಿದದ್ದು ಇಂಥವುಗಳಿಂದ.

ಆದರೂ ಬಿದ್ದುಬಿಟ್ಟಿದ್ದರೆ? ರಕ್ತವನ್ನು ಕೇಳಬಹುದು. ವಿಕಿರಣಕ್ಕೆ ತುಂಡಾದ ಎರಡು ಕ್ರೋಮೋಸೋಮ್‌ಗಳು ತಪ್ಪಾಗಿ ಅಂಟಿಕೊಂಡರೆ ಒಂದಕ್ಕೇ ಎರಡು ಸೊಂಟ. ಹೆಸರು ಡೈಸೆಂಟ್ರಿಕ್. ವಿಕಿರಣ ತಾಗದವರಲ್ಲಿ ಸಾವಿರ ಕೋಶಕ್ಕೆ ಹೆಚ್ಚುಕಮ್ಮಿ ಒಂದು ಸಿಗುತ್ತದೆ, ಪ್ರಮಾಣ ಏರಿದಂತೆ ಸಂಖ್ಯೆಯೂ ಏರುತ್ತದೆ. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ 1962ರಲ್ಲಿ ಅಪಘಾತಕ್ಕೆ ಸಿಕ್ಕವರ ರಕ್ತವನ್ನು ಬೆಂಡರ್ ಮತ್ತು ಗೂಚ್ ಹೀಗೆ ಪರೀಕ್ಷಿಸಿದರು.

ಕಷ್ಟವಿರುವುದು ಎಣಿಕೆಯಲ್ಲಿ. ರಕ್ತವನ್ನು ಸುಮಾರು 48 ಗಂಟೆ ಬೆಳೆಸಿ, ಸ್ಲೈಡ್ ಮಾಡಿ, ಒಬ್ಬೊಬ್ಬರಿಗೆ 500 ಕೋಶವಾದರೂ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಬ್ರೆಜಿಲ್‌ನ ಗೋಯಾನಿಯಾದಲ್ಲಿ 1987ರಲ್ಲಿ ಗುಜರಿಗೆ ಹೋದ ಸೀಸಿಯಂ ಯಂತ್ರ ಒಡೆದಾಗ 1 ಲಕ್ಷಕ್ಕೂ ಹೆಚ್ಚು ಜನ ತಪಾಸಣೆಗೆ ಬಂದರು, 4 ಮಂದಿ ಸತ್ತರು. ಅಷ್ಟು ಜನರ ರಕ್ತವನ್ನು ಯಾವ ಕಣ್ಣು ಎಣಿಸೀತು? ಅದಕ್ಕೇ ತುರ್ತಿನಲ್ಲಿ 50 ಕೋಶಕ್ಕೇ ನಿಲ್ಲಿಸಿ, ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವ ಕ್ರಮ ಬಂತು.

ಈಗ ಕಂಪ್ಯೂಟರ್ ಕೂಡ ಎಣಿಸುತ್ತದೆ. ಕೆನಡಾದಲ್ಲಿ ಪೀಟರ್ ರೋಗನ್ ತಂಡ ಎರಡು ಸೊಂಟ ಗುರುತಿಸಲು ಕಲಿತ 'ಎಡಿಸಿಐ' ಎಂಬ ಸಾಫ್ಟ್‌ವೇರ್ ಮಾಡಿದೆ. ಒಂದರ ಮೇಲೊಂದು ಬಿದ್ದ ಮಾಮೂಲಿ ಕ್ರೋಮೋಸೋಮ್‌ಗಳೂ ಡೈಸೆಂಟ್ರಿಕ್‌ನಂತೆ ಕಾಣುವುದರಿಂದ ಮೋಸಹೋಗುತ್ತದೆ. ಅಂಥ ಚಿತ್ರಗಳನ್ನು ಮೊದಲೇ ಸೋಸಬೇಕು. ಹೊಸ ಸ್ಟೂಡೆಂಟ್ ನರ್ಸ್ ಹಾಗೇ ಅನ್ನಿ, ಚುರುಕು, ಆದರೆ ಹಿಂದೆ ಒಬ್ಬರು ನಿಂತಿರಬೇಕು.

ನನಗೆ ರಕ್ತ ಪರೀಕ್ಷೆ ಮಾಡಲಿಲ್ಲ. ಸುಮಾರು 100 ಮಿಲಿಗ್ರೇಗಿಂತ ಕಡಿಮೆ ಇದ್ದರೆ ಈ ವಿಧಾನಕ್ಕೆ ಕಾಣುವುದೇ ಕಷ್ಟ. ನನ್ನ ಅಂಕಿ ಅದಕ್ಕಿಂತ ಎಷ್ಟೋ ಕೆಳಗಿತ್ತು. ಟ್ರಾಲಿ ಕಥೆ ಬರೆಸಿಕೊಂಡು ಫೈಲ್ ಮುಚ್ಚಿದರು. ಮಗಳೀಗ ಇಲ್ಲಿ ಗ್ರೂಪ್ 4ರಲ್ಲಿದ್ದಾಳೆ. ಬ್ಯಾಡ್ಜ್ ಹಾಕಿಕೊಂಡೆಯಾ ಅಂತ ದಿನಾ ಅವಳೇ ಕೇಳುತ್ತಾಳೆ.